ಅವತ್ತು ಏನೂ ಆಗಿರಲಿಲ್ಲ, ಈಗ ಯಾಕೆ ನೋವು?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಹನ್ನೆರಡು ದಿನದ ಹಿಂದೆ ಬೆಂಗಳೂರಿನಿಂದ ಕಾರಿನಲ್ಲಿ ಊರಿಗೆ ಬರುತ್ತಿದ್ದೆವು. ಗುಬ್ಬಿ ದಾಟಿದ ಮೇಲೆ ಒಂದು ಹಂಪ್ ಹತ್ತಿರ ನಮ್ಮ ಯಜಮಾನರು ಬ್ರೇಕ್ ಹಾಕಿದರು. ಹಿಂದಿನಿಂದ ಗೂಡ್ಸ್ ಗಾಡಿ ಬಂದು ಗುದ್ದಿತು. ಕಾರಿನ ಹಿಂಭಾಗ ಒಳಕ್ಕೆ ಹೋಯಿತು. ಯಾರಿಗೂ ರಕ್ತ ಬರಲಿಲ್ಲ. ನೀರು ಕುಡಿದು, ಗಾಡಿ ನಂಬರ್ ಬರೆದುಕೊಂಡು ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ನನಗೆ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಈಗಲೂ ಭುಜದವರೆಗೆ ಎಳೆಯುತ್ತದೆ. ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ 71 ವರ್ಷ. ಅವರ ತಲೆ ಕಿಟಕಿ ಗಾಜಿಗೆ ತಾಗಿತ್ತು. ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ನಾಲ್ಕು ದಿನದಿಂದ ತಲೆ ಭಾರ ಅನ್ನುತ್ತಾರೆ, ಹಗಲಲ್ಲೂ ಮಲಗುತ್ತಾರೆ. ಅವತ್ತು ಏನೂ ಆಗಿರಲಿಲ್ಲ, ಈಗ ಯಾಕೆ ಹೀಗೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಅತ್ತೆಯವರ ವಿಷಯ. ನಿಮ್ಮ ಪತ್ರ ಕೈಗೆ ಬಂದ ದಿನವೇ ಪತ್ರಿಕೆಯವರಿಂದ ನಿಮಗೆ ಫೋನ್ ಮಾಡಿಸಿದೆ. ಇದು ಅಚ್ಚಾಗುವವರೆಗೆ ಕಾಯುವ ಮಾತಾಗಿರಲಿಲ್ಲ. ನೀವು ಅದೇ ಸಂಜೆ ಅವರನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದಿರಿ. ತಲೆಯೊಳಗೆ ರಕ್ತ ಇಲ್ಲ ಎಂದು ರಿಪೋರ್ಟ್ ಬಂತು ಅಂತ ಕೇಳಿ ನನಗೂ ಸಮಾಧಾನವಾಯಿತು. ಆದರೂ ನಾನು ಯಾಕೆ ಅಷ್ಟು ಅವಸರ ಮಾಡಿದೆ ಎಂದು ಹೇಳಬೇಕು. ನಿಮಗೂ, ಇದನ್ನು ಓದುವ ಉಳಿದವರಿಗೂ.

ನಮ್ಮ ಮಾವನವರಿಗೆ 76 ವರ್ಷವಾಗಿದ್ದಾಗ ಒಂದು ಮದುವೆ ಮುಗಿಸಿ ಬರುತ್ತಾ ಹಿರೀಸಾವೆ ಹತ್ತಿರ ಕಾರು ರಸ್ತೆ ಬಿಟ್ಟು ಮೋರಿಗೆ ಇಳಿಯಿತು. ಮಾವನವರ ಹಣೆ ಮುಂದಿನ ಸೀಟಿಗೆ ತಾಗಿತು. ಊತ ಕೂಡ ಬರಲಿಲ್ಲ. ಮನೆಗೆ ಬಂದು ಮುದ್ದೆ ಉಂಡು ಮಲಗಿದರು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ, ಪಂಚೆ ಉಡಲು ನಿಂತವರು ನಿಂತೇ ಇದ್ದರು. ಅರವತ್ತು ವರ್ಷ ನೋಡದೆಯೇ ಸಿಕ್ಕಿಸುತ್ತಿದ್ದ ಅಂಚು ಎಡಗೈಯಲ್ಲಿ ನಿಲ್ಲುತ್ತಿಲ್ಲ. ಜಾರುತ್ತದೆ, ಎತ್ತಿಕೊಳ್ಳುತ್ತಾರೆ, ಮತ್ತೆ ಜಾರುತ್ತದೆ. ಅದಕ್ಕೂ ಒಂದು ವಾರ ಮೊದಲಿಂದ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿ ಉಳಿಯುತ್ತಿತ್ತು, ಅವರು ಒಂದೇ ಚಪ್ಪಲಿಯಲ್ಲಿ ಒಳಗೆ ಬರುತ್ತಿದ್ದರು. ವಯಸ್ಸಾಯ್ತು ಅಂದುಕೊಂಡೆವು. ಜಿಲ್ಲಾ ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ ನಾನೂ ಹಾಗೇ ಅಂದುಕೊಂಡೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಸ್ಕ್ಯಾನ್‌ನಲ್ಲಿ ತಲೆಯ ಬಲಭಾಗದಲ್ಲಿ ರಕ್ತ ನಿಂತು ಮೆದುಳನ್ನು ಒತ್ತುತ್ತಿತ್ತು. ತಲೆಬುರುಡೆಗೆ ಎರಡು ಸಣ್ಣ ರಂಧ್ರ ಮಾಡಿ ಹೊರಗೆ ತೆಗೆದರು. ಡಿಕಾಕ್ಷನ್ ಬಣ್ಣದ, ತೆಳ್ಳಗಿನ ಹಳೆ ರಕ್ತ. ಎಂಟನೇ ದಿನ ಮನೆಗೆ ಬಂದು ಪಂಚೆ ತಾವೇ ಉಟ್ಟುಕೊಂಡರು.

ಇದು ಯಾಕೆ ಇಷ್ಟು ತಡವಾಗುತ್ತದೆ? ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಮೆದುಳಿಗೂ ಅದರ ಹೊರಗಿನ ಪೊರೆಗೂ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗಿರುತ್ತವೆ. ತಲೆ ಒಮ್ಮೆ ಜೋರಾಗಿ ಅಲ್ಲಾಡಿದರೆ ಸಾಕು, ಒಂದು ನಾಳ ಹರಿದು ಹನಿಹನಿಯಾಗಿ ರಕ್ತ ಒಸರುತ್ತದೆ. ಜಾಗ ಇರುವುದರಿಂದ ಎರಡು, ಮೂರು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಗೊತ್ತೇ ಆಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಲ್ಲಿ ಒಸರುವುದು ಬೇಗ ನಿಲ್ಲುವುದಿಲ್ಲ. ಹಾಗಂತ ಅತ್ತೆಯವರ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಂಡರೆ ಅದು ಇನ್ನೊಂದು ಅಪಾಯ. ಹಾರ್ಟ್ ಡಾಕ್ಟರನ್ನು ಕೇಳಿ.

ಇವತ್ತು ಸ್ಕ್ಯಾನ್ ಚೆನ್ನಾಗಿದೆ ಅಂದರೆ ಇವತ್ತಿಗೆ ಚೆನ್ನಾಗಿದೆ. ಇನ್ನೂ ಆರು ವಾರ ಕಣ್ಣಿಟ್ಟಿರಿ. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದೆಯಾ, ಒಂದು ಕೈ ಕಾಲು ಸೋಲುತ್ತಿದೆಯಾ, ಮಾತು ತಡವರಿಸುತ್ತಿದೆಯಾ, ಊಟ ಮಾಡಿದ್ದನ್ನೇ ಮರೆಯುತ್ತಾರಾ, ಎಬ್ಬಿಸಿದರೂ ತೂಕಡಿಸುತ್ತಾರಾ ನೋಡಿ. ನೋವು ಎಷ್ಟಿದೆ ಎಂದು ಕೇಳುವುದಕ್ಕಿಂತ ದಿನಾ ಮಾಡುವ ಕೆಲಸ ನೋಡುವುದು ಒಳ್ಳೆಯದು. ನಮ್ಮ ಹಿರಿಯರು ನೋವು ಹೇಳುವುದಿಲ್ಲ, ಅಲ್ವಾ? ಆದರೆ ಸೊಪ್ಪು ಬಿಡಿಸುವ ಕೈ, ಬತ್ತಿ ಹೊಸೆಯುವ ಬೆರಳು ಸುಳ್ಳು ಹೇಳುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಮತ್ತೆ ಸ್ಕ್ಯಾನ್ ಮಾಡಿಸಿ. ಪ್ರಜ್ಞೆ ಮಸುಕಾದರೆ 108ಕ್ಕೆ ಫೋನ್ ಮಾಡಿ. ರಕ್ತ ಕಂಡರೆ ನರಶಸ್ತ್ರಚಿಕಿತ್ಸೆ ಇರುವ ಕಡೆಗೇ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ.

ಇನ್ನು ನಿಮ್ಮ ಕುತ್ತಿಗೆ. ಹಿಂದಿನಿಂದ ಗುದ್ದಿದಾಗ ಸೀಟು ನಿಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಒಂದು ಕ್ಷಣ ಹಿಂದೆ ಉಳಿಯುತ್ತದೆ, ಆಮೇಲೆ ಮುಂದಕ್ಕೆ ಎಸೆದ ಹಾಗೆ ಬರುತ್ತದೆ. ಕುತ್ತಿಗೆಯ ಸ್ನಾಯು, ಕೀಲುಗಳ ಕಟ್ಟು ಎಳೆದುಕೊಳ್ಳುತ್ತವೆ. ಆ ಹೊತ್ತಿಗೆ ಗಾಬರಿಯಲ್ಲಿ ಮೈಯಲ್ಲಿ ಅಡ್ರಿನಲಿನ್ ಏರಿರುತ್ತದೆ, ನೋವು ತಿಳಿಯುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಪೆಟ್ಟಾದ ಜಾಗ ಊದಿ ಬಿಗಿಯುತ್ತದೆ. ಅದಕ್ಕೇ ಮರುದಿನ ಬೆಳಿಗ್ಗೆ ಹಿಡಿದುಕೊಂಡಿದ್ದು. ನೀವು ಸುಮ್ನೆ ಊಹಿಸಿಕೊಂಡಿದ್ದಲ್ಲ, ಮನೆಯವರು ಯಾರಾದರೂ ಹಾಗೆ ಅಂದಿದ್ದರೆ ಈ ಸಾಲು ತೋರಿಸಿ.

ಬಹಳಷ್ಟು ಜನಕ್ಕೆ ಇದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಕೈಗೆ ಜುಮ್ಮು ಹಿಡಿಯುವುದು, ಹಿಡಿದ ಲೋಟ ಜಾರುವುದು, ಕುತ್ತಿಗೆ ಬಗ್ಗಿಸಿದಾಗ ಬೆನ್ನಿಗೆ ಶಾಕ್ ಹೊಡೆದ ಹಾಗಾಗುವುದು, ನಡಿಗೆ ತಪ್ಪುವುದು, ಮೂತ್ರ ಹೋಗಲು ಕಷ್ಟವಾಗುವುದು ಇದ್ದರೆ ಒಂದು ದಿನವೂ ಕಾಯಬೇಡಿ. ಇವು ಯಾವುದೂ ಇಲ್ಲದಿದ್ದರೂ ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ. ಅವರು ಸರಿ ಎಂದ ಮೇಲೆ ಕುತ್ತಿಗೆಯನ್ನು ನಿಧಾನಕ್ಕೆ ಆಡಿಸುತ್ತಾ ಇರಿ. ವಾರಗಟ್ಟಲೆ ಪಟ್ಟಿ ಕಟ್ಟಿಕೊಂಡು ಕೂತರೆ ಬಿಗಿತ ಹೆಚ್ಚುತ್ತದೆ.

ನೀವು ಬರೆಯದ ಒಂದು ವಿಷಯ ಹೊಟ್ಟೆ. ಸೀಟ್ ಬೆಲ್ಟ್ ಹಾಕಲೇಬೇಕು, ಹಿಂದಿನ ಸೀಟಿನಲ್ಲೂ. ಆದರೆ ಬೆಲ್ಟ್ ಒತ್ತಿದ ಕಡೆ ಹೊಟ್ಟೆಯ ಮೇಲೆ ಅಡ್ಡಕ್ಕೆ ಕಂದುಗಟ್ಟಿದ್ದರೆ ಅದನ್ನು ಲಘುವಾಗಿ ನೋಡಬಾರದು. ಒಳಗೆ ಕರುಳಿಗೆ ಪೆಟ್ಟಾಗಿದ್ದರೆ ನೋವು, ಜ್ವರ, ವಾಂತಿ ಒಂದೆರಡು ದಿನ ಬಿಟ್ಟು ಬರಬಹುದು. ಗುಲ್ಮ ಅಂದರೆ ಸ್ಪ್ಲೀನ್, ಎಡ ಪಕ್ಕೆಯ ಕೆಳಗಿದೆ. ಅದು ದಿನಗಳಾದ ಮೇಲೂ ಒಡೆದು ರಕ್ತ ಸುರಿಸಬಹುದು. ಆಗ ಭುಜಕ್ಕೆ ಏನೂ ತಾಗದೆಯೇ ಎಡ ಭುಜ ನೋಯುತ್ತದೆ, ತಲೆ ಸುತ್ತುತ್ತದೆ, ಮೈ ತಣ್ಣಗೆ ಬೆವರುತ್ತದೆ. ಗರ್ಭಿಣಿಯರಂತೂ ಪೆಟ್ಟು ಕಾಣದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಸ, ಮಾಸು ಅಂತೀವಲ್ಲ, ಅದು ಗರ್ಭಕೋಶದಿಂದ ಬಿಡಿಸಿಕೊಂಡರೆ ಹೊರಗೆ ಗೊತ್ತಾಗುವ ಮೊದಲೇ ಮಗುವಿಗೆ ತೊಂದರೆ.

ಆಸ್ಪತ್ರೆಯಲ್ಲಿ ಕುತ್ತಿಗೆ ನೋವು ಎಂದಷ್ಟೇ ಹೇಳಬೇಡಿ. ಇಂಥ ದಿನ ಅಪಘಾತವಾಯಿತು ಎಂದು ತಾರೀಕು ಹೇಳಿ, ಎಂ.ಎಲ್.ಸಿ. ಮಾಡಿಸಿ, ಅಂದರೆ ಕಾನೂನಿಗೆ ಬೇಕಾಗುವ ಆಸ್ಪತ್ರೆಯ ದಾಖಲೆ. ಪರಿಹಾರ ಕೇಳುವುದಾದರೆ ಆ ಕಾಗದವೇ ಆಧಾರ. ಅರ್ಜಿಗೆ ಕಾನೂನು ಆರು ತಿಂಗಳು ಎನ್ನುತ್ತದೆ, ವಕೀಲರನ್ನು ಬೇಗ ಕಾಣಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದವರಿಗೆ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ. ನೀವು ಬರೆಯುವ ಹೊತ್ತಿಗೆ ಆ ಏಳು ದಿನ ಕಳೆದಿತ್ತು. ಮೊದಲ ದಿನವೇ ತೋರಿಸಿದ್ದರೆ ಎಂದು ನನಗೆ ಬೇಸರವಾಗುವುದು ಇದಕ್ಕೂ ಸೇರಿ.

ಪ್ರಶ್ನೆ: ನಾನು ಟ್ಯಾಕ್ಸಿ ಡ್ರೈವರ್. ಅಪಘಾತವಾಗಿ ಏಳು ವಾರ. ಮೈಗೆ ಏನೂ ಇಲ್ಲ. ಲಾರಿ ಹಾರ್ನ್ ಕೇಳಿದರೆ ಕೈ ನಡುಗುತ್ತದೆ, ರಾತ್ರಿ ಅದೇ ಶಬ್ದಕ್ಕೆ ಎಚ್ಚರವಾಗುತ್ತದೆ. ಮನೆಯಲ್ಲಿ ಹೇಳಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ಅಣ್ಣಾ, ಇದೂ ಪೆಟ್ಟೇ. ಮೊದಲ ಕೆಲವು ವಾರ ಹೀಗಾಗುವುದು ಸಹಜ. ತಿಂಗಳು ದಾಟಿಯೂ ಬಿಡದಿದ್ದರೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ನಿಮ್ಮೂರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹೋಗಿ. ಮೊದಲು ಮಾತಾಡಿ ನೋಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಲ್ಲಿಯವರೆಗೆ ರಾತ್ರಿ ಟ್ರಿಪ್ ಒಪ್ಪಬೇಡಿ. ನಿದ್ದೆ ಬರಲೆಂದು ಕುಡಿಯಬೇಡಿ. ಮನೆಯವರಿಗೆ ಹೇಳಿ.

ಪ್ರಶ್ನೆ: ಗುದ್ದಿದ ಮೇಲೆ ಕುತ್ತಿಗೆ ಹಿಡಿದಿದೆ. ಕಟಿಂಗ್ ಶಾಪಿನಲ್ಲಿ ನೆಟಿಗೆ ತೆಗೆಸಬಹುದಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬೇಡ. ಉಳುಕು ತೆಗೆಯುವವರ ಹತ್ತಿರವೂ ಬೇಡ. ಬೆನ್ನುಮೂಳೆಯಲ್ಲಿ ಕಾಣದ ಬಿರುಕಿದ್ದರೆ ಆ ಒಂದು ತಿರುವಿಗೆ ಕೈಕಾಲು ಬಿದ್ದುಹೋಗಬಹುದು. ಮೊದಲು ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಎಕ್ಸ್-ರೇ ತೆಗೆಸಿ. ಬೈಕಿನಲ್ಲಿ ಹೋಗಬೇಡಿ, ಯಾರಾದರೂ ಕಾರಿನಲ್ಲಿ ಕರೆದುಕೊಂಡು ಹೋಗಲಿ.