ಪೆಟ್ಟು ಸಿಸ್ಟರ್‌ಗೆ, ದೂರು ಆಸ್ಪತ್ರೆಯದ್ದು

ದಾವಣಗೆರೆ ವಿದ್ಯಾನಗರದ ಓದುಗರೊಬ್ಬರ ಪತ್ರ: "ನನ್ನ ಮಗಳು ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಒಂಬತ್ತು ದಿನದ ಹಿಂದೆ ನೈಟ್ ಡ್ಯೂಟಿಯಲ್ಲಿ ರೋಗಿಯ ಕಡೆಯವನೊಬ್ಬ ಕೆನ್ನೆಗೆ ಹೊಡೆದು ಕೈ ತಿರುಚಿದ. ರಕ್ತ ತೆಗೆದ ಸೂಜಿ ಅವಳ ಬೆರಳಿಗೇ ಚುಚ್ಚಿತು. ಆಡಳಿತದವರು 'ದೊಡ್ಡದು ಮಾಡಬೇಡಮ್ಮ' ಅಂದರು. ಈಗ ಅವಳಿಗೆ ನಿದ್ದೆಯಿಲ್ಲ. ದೂರು ಕೊಟ್ಟರೆ ಕೆಲಸ ಹೋದೀತೇ?"

ಸಂಪಾದಕರ ಉತ್ತರ:

ಮೊದಲು ಬೆರಳಿನ ಮಾತು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕಿತ್ತು. ಆ ಹೊತ್ತು ಮೀರಿದೆ. ಗಾಬರಿ ಬೇಡ: ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೂ ಎಚ್‌ಐವಿ ಅಂಟುವುದು ಸುಮಾರು 300ರಲ್ಲಿ ಒಬ್ಬರಿಗೆ. ಆದರೂ ಇವತ್ತೇ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರ) ಪರೀಕ್ಷೆ ಮಾಡಿಸಿ. 6 ವಾರಕ್ಕೆ, 3 ತಿಂಗಳಿಗೆ ಮತ್ತೆ ಮಾಡಿಸಿ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಇದಕ್ಕಿಂತ ಬಹಳ ಸುಲಭವಾಗಿ ಅಂಟುತ್ತದೆ. ಮಗಳಿಗೆ ಮೂರೂ ಡೋಸ್ ಲಸಿಕೆ ಆಗಿದೆಯೇ ಕೇಳಿ. ಆಗಿರದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.

ದೂರಿನ ಬಗ್ಗೆ ನಮ್ಮ ನಿಲುವು ಖಡಾಖಂಡಿತ: ಅದನ್ನು ಕೊಡಬೇಕಾದದ್ದು ಆಸ್ಪತ್ರೆ. ಹೊಡೆದದ್ದು ಕೆಲಸದ ಜಾಗದಲ್ಲಿ, ಕೆಲಸ ಮಾಡುತ್ತಿದ್ದವಳಿಗೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕರ್ನಾಟಕದ 2009ರ ಕಾಯ್ದೆ ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೂ ನರ್ಸಿಂಗ್ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಅದರಡಿ ಇಂಥ ಹಲ್ಲೆ ಜಾಮೀನುರಹಿತ ಅಪರಾಧ. 2024ರ ಆಗಸ್ಟ್ 16ರಂದು ಕೇಂದ್ರ ಆರೋಗ್ಯ ಇಲಾಖೆ ಕೇಂದ್ರ ಸರ್ಕಾರಿ ಆಸ್ಪತ್ರೆಗಳ ಮುಖ್ಯಸ್ಥರಿಗೆ, ಹಲ್ಲೆಯಾದ 6 ಗಂಟೆಯೊಳಗೆ ಸಂಸ್ಥೆಯ ಹೆಸರಲ್ಲೇ ಎಫ್‌ಐಆರ್ ಹಾಕಿಸಿ ಎಂದು ಬರೆಯಿತು. ಖಾಸಗಿಯವರೂ ಅದೇ ಅಳತೆಗೆ ನಡೆದುಕೊಳ್ಳಲಿ. ಆಸ್ಪತ್ರೆಯೇ ಫಿರ್ಯಾದಿಯಾದರೆ ಅವಳು ಒಂಟಿಯಾಗುವುದಿಲ್ಲ, ಕೆಲಸದ ಭಯವೂ ಅಷ್ಟಕ್ಕಷ್ಟೇ. ಅವರು ಒಪ್ಪದಿದ್ದರೆ ಅವಳೇ ಠಾಣೆಗೆ ಹೋಗಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಲಿಖಿತವಾಗಿ ಕಳಿಸಲಿ.

ಇಂಥ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಕಾಗದದ ಕೊರತೆಯಿಂದ. ಆ ರಾತ್ರಿಯ ನರ್ಸಸ್ ನೋಟ್ಸ್‌ನಲ್ಲಿ ಬಿಪಿ, ಪಲ್ಸ್ ಇರುತ್ತದೆ, ಕೆನ್ನೆಗೆ ಬಿದ್ದ ಏಟಿನ ಸುದ್ದಿಯೇ ಇರುವುದಿಲ್ಲ. ಮಗಳು ತನ್ನ ಕೈಯಲ್ಲೇ ಬರೆಯಲಿ: ಎಷ್ಟು ಗಂಟೆ, ಯಾವ ಬೆಡ್, ಆ ಕ್ಷಣ ಯಾವ ಕೆಲಸ ನಡೆದಿತ್ತು, ಅವನ ಬೈಗುಳ ಅವನ ಮಾತಲ್ಲೇ, ಪಕ್ಕದಲ್ಲಿ ಯಾರಿದ್ದರು. ಕೆನ್ನೆಯ ಕೆಂಪು ಮಾಸಿರುತ್ತದೆ, ಆದರೆ ಮಣಿಕಟ್ಟು ಇನ್ನೂ ನೋಯುತ್ತಿದ್ದರೆ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ವೈದ್ಯರು ಮಾಡುವ ಗಾಯದ ದಾಖಲೆ) ಮಾಡಿಸಿ ಗಾಯದ ಪ್ರಮಾಣಪತ್ರ ಪಡೆಯಿರಿ. ಸಿಸಿ ಕ್ಯಾಮೆರಾದ ಹಾರ್ಡ್‌ಡಿಸ್ಕ್ ತುಂಬಿದ ಹಾಗೆ ಹಳೆಯ ದೃಶ್ಯ ತಾನಾಗಿ ಅಳಿಯುತ್ತದೆ. ಒಂಬತ್ತು ದಿನ ಆಗಲೇ ಕಳೆದಿದೆ. ನ್ಯಾಯಾಲಯಕ್ಕೆ ದೃಶ್ಯದ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ, ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪ್ರಮಾಣಪತ್ರವೂ ಬೇಕು. ಬರೀ ಪೆನ್‌ಡ್ರೈವ್ ಸಾಲದು.

ನಿದ್ದೆ ಬಾರದಿರುವುದು, ಕಾರಿಡಾರಿನಲ್ಲಿ ಗಟ್ಟಿ ದನಿ ಕೇಳಿದರೆ ಎದೆ ಹೊಡೆದುಕೊಳ್ಳುವುದು ಅವಳ ದೌರ್ಬಲ್ಯವಲ್ಲ. ತಿಂಗಳು ದಾಟಿದರೂ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪೆಟ್ಟು ತಿಂದ ಸಿಸ್ಟರ್ ಗೊತ್ತಿಲ್ಲದೆಯೇ ಆ ಬೆಡ್ ಕಡೆ ಹೋಗುವುದು ಕಡಿಮೆಯಾಗುತ್ತದೆ, 2 ಗಂಟೆಯ ಇಂಜೆಕ್ಷನ್ ಮೂರಕ್ಕೆ ಬೀಳುತ್ತದೆ. ನಷ್ಟ ರೋಗಿಗೂ ತಟ್ಟುತ್ತದೆ.

ಆಡಳಿತದವರಿಗೂ ಒಂದು ಮಾತು. ಹೆದ್ದಾರಿ 48ರಲ್ಲಿ ಅಪಘಾತವಾದರೆ ಗಾಯಾಳುವಿನ ಹಿಂದೆ ಟೆಂಪೋ ತುಂಬ ಜನ ಬರುತ್ತಾರೆ. ದುಡ್ಡು ಕಟ್ಟಿ, ಔಷಧ ತನ್ನಿ, ಡಾಕ್ಟರ್ ಬರ್ತಾರೆ ಇರಿ: ಮೂರನ್ನೂ ಸಿಸ್ಟರ್ ಬಾಯಲ್ಲೇ ಹೇಳಿಸುತ್ತೀರಿ, ಸಿಟ್ಟು ಅವಳ ಮೇಲೆ ತಿರುಗುತ್ತದೆ. ಬಿಲ್ಲಿನ ಮಾತು ಕೌಂಟರಿನವರು ಆಡಲಿ, ಕೆಟ್ಟ ಸುದ್ದಿಯನ್ನು ಡಾಕ್ಟರೇ ಬಂದು ಹೇಳಲಿ. ರಾತ್ರಿ ವಾರ್ಡಿಗೆ ಒಬ್ಬರೇ ಸಿಸ್ಟರ್ ಬೇಡ. ನರ್ಸಿಂಗ್ ಸ್ಟೇಷನ್‌ಗೆ ಎರಡನೇ ಬಾಗಿಲಿರಲಿ, ಕತ್ತರಿ ಇರುವ ಡ್ರೆಸಿಂಗ್ ಟ್ರಾಲಿ ಜನರ ಕೈಗೆಟುಕುವಲ್ಲಿ ನಿಲ್ಲದಿರಲಿ, ಕೊರಳಿನ ಐಡಿ ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದಿರಲಿ.

ಪತ್ರ ಬರೆದ ತಂದೆಯವರೇ, ಇವತ್ತೇ ಆಗಬೇಕಾದ ಕೆಲಸ ಎರಡು: ರಕ್ತ ಪರೀಕ್ಷೆ, ಮತ್ತು ಆ ರಾತ್ರಿಯ ಕ್ಯಾಮೆರಾ ದೃಶ್ಯ ಕಾಯ್ದಿಡಿ ಎಂದು ಆಸ್ಪತ್ರೆಗೆ ಮಗಳ ಅರ್ಜಿ. ಅರ್ಜಿಗೆ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ.