ಅಂಡಮಾನ್‌ನ ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಬಿಡಲ್ವಂತೆ, ಇಷ್ಟು ಕಿರಿಕಿರಿ ಪಟ್ಟು ಅಲ್ಲಿಗೆ ಹೋಗಬೇಕಾ?

ಹೋಗಿ. ಕಿರಿಕಿರಿ ಇದೆ, ಸುಳ್ಳಲ್ಲ, ಆದರೂ ಹೋಗಿ.

ನಾನು ಕಂಪ್ಲಿಯವನು. ದೊಡ್ಡ ನೀರು ಅಂದರೆ ನನಗೆ ತುಂಗಭದ್ರಾ ಡ್ಯಾಮೇ. ಒಂದು ಫೆಬ್ರವರಿಯಲ್ಲಿ ಮನೆಮಂದಿಯೆಲ್ಲ ಅಂಡಮಾನ್‌ಗೆ ಹೋಗಿದ್ದೆವು. ಜಾಲಿ ಬಾಯ್‌ಗೆ ದೋಣಿ ಹತ್ತುವ ವಂಡೂರ್ ಜೆಟ್ಟಿಯಲ್ಲಿ ಬ್ಯಾಗ್ ಬಿಚ್ಚಿಸಿ ನೋಡುತ್ತಾರೆ. ನಮ್ಮಾಕೆ ಊರಿಂದ ಹೊತ್ತು ತಂದಿದ್ದ ಖಾರ ಮಂಡಕ್ಕಿ ಪ್ಲಾಸ್ಟಿಕ್ ಕವರಿನಲ್ಲಿತ್ತು, ಸಿಕ್ಕಿಬಿತ್ತು. ಮಂಡಕ್ಕಿ ಒಯ್ಯಿರಿ, ಕವರ್ ಇಲ್ಲೇ ಬಿಡಿ ಅಂದರು. ಕೊನೆಗೆ ನನ್ನ ಟವೆಲ್‌ನಲ್ಲಿ ಗಂಟು ಕಟ್ಟಿಕೊಂಡು ದೋಣಿ ಹತ್ತಿದೆವು, ಸಂಜೆ ಅದೇ ಟವೆಲ್‌ನಿಂದ ಮುಖ ಒರೆಸಿಕೊಂಡು ಕಣ್ಣುರಿ ಬೇರೆ.

ಈ ದ್ವೀಪ ಇರುವುದು 1983ರಲ್ಲಿ ಆದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. ಸುಮಾರು 281 ಚದರ ಕಿ.ಮೀ., 15 ದ್ವೀಪ. ಪ್ರವಾಸಿಗರು ಇಳಿಯುವುದು ಜಾಲಿ ಬಾಯ್, ರೆಡ್ ಸ್ಕಿನ್ ಎರಡರಲ್ಲೇ, ಅದೂ ಸರದಿಯಲ್ಲಿ. ಒಂದು ತೆರೆದಾಗ ಇನ್ನೊಂದು ಬಂದ್. ಹೊಲ ಬೀಳು ಬಿಡ್ತೀವಲ್ಲ, ಹಾಗೆ.

ದೊಡ್ಡ ದೋಣಿ ದಡದವರೆಗೂ ಹೋಗುವುದಿಲ್ಲ. ನಡುವೆ ಗಾಜಿನ ತಳದ ಸಣ್ಣ ದೋಣಿಗೆ ಇಳಿಸುತ್ತಾರೆ. ಬಗ್ಗಿ ನೋಡಿದರೆ ಕಾಲ ಕೆಳಗೇ ಹವಳ: ಒಂದು ಹೂಕೋಸಿನ ಹಾಗೆ, ಒಂದು ಜಿಂಕೆ ಕೊಂಬಿನ ಹಾಗೆ. ಫೋಟೊದಲ್ಲಿ ತೋರಿಸುವಷ್ಟು ಬಣ್ಣ ಇರುತ್ತೆ ಅಂದುಕೊಳ್ಳಬೇಡಿ, ಜಾಸ್ತಿ ಕಂದು, ಮಣ್ಣು ಬಣ್ಣವೇ. ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ಸಣ್ಣ ಪಾಚಿ ಇರುತ್ತೆ, ಬಣ್ಣವೂ ಹೆಚ್ಚಿನ ಊಟವೂ ಅದರಿಂದಲೇ. ನೀರು ಬಿಸಿಯಾದರೆ ಪಾಚಿ ಹೊರಗೆ ಹೋಗುತ್ತೆ, ಹವಳ ಬಿಳಿಚಿಕೊಳ್ಳುತ್ತೆ. ಬಹಳ ದಿನ ಹಾಗೇ ಇದ್ದರೆ ಸಾಯುತ್ತೆ. 2010ರಲ್ಲಿ ಅಂಡಮಾನ್ ಸುತ್ತ ದೊಡ್ಡದಾಗಿ ಹೀಗಾಗಿತ್ತು.

ಬ್ಯಾಗ್ ತಪಾಸಣೆ ಮಾಡಿದರೆ ಸಮುದ್ರದ ಬಿಸಿ ಇಳಿಯುತ್ತಾ ಅಂತ ನೀವು ಕೇಳಬಹುದು. ಇಳಿಯಲ್ಲ. ಆದರೆ ಬಿಸಿಗೆ ಬಳಲಿದ ಹವಳ ಮತ್ತೆ ಚಿಗುರೋಕೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಅದರ ಮೇಲೆ ನಮ್ಮ ಕಾಲು, ಲಂಗರು, ಕವರ್ ಬೀಳದಿದ್ದರೆ ಸಾಕು. ನಮ್ಮ ಕೈಲಿ ಆಗೋದು ಅಷ್ಟೇ ತಾನೆ?

ನಮ್ಮೂರಲ್ಲೇ ನೋಡಿ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ತುಂಗಭದ್ರೆಯ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಎಷ್ಟು ಜನಕ್ಕೆ ಗೊತ್ತು? ಬೆಳಗ್ಗೆ ಬೇಗ ಹೋದರೆ ಬಂಡೆ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಾಣುತ್ತೆ, ನೀರುನಾಯಿದ್ದೇ. ನಾಲ್ಕು ಹೆಜ್ಜೆ ಆಚೆ ಗುಟ್ಕಾ ಚೀಟಿ, ನೀರಿನ ಪ್ಯಾಕೆಟ್ಟು. ತೋಟಾ ಸಿಡಿಸಿ ಮೀನು ಹಿಡಿಯುವವರೂ ಇದ್ದಾರೆ. ಕೋಟೆ ಹತ್ತಿರದ ದಂಡೆಯಲ್ಲಿ ನಾನೂ ಎಷ್ಟೋ ಸಲ ಮಂಡಕ್ಕಿ ಮಿರ್ಚಿ ತಿಂದು ಪೇಪರ್ ಅಲ್ಲೇ ಬಿಟ್ಟು ಬಂದವನೇ. ಯಾರೂ ಬ್ಯಾಗ್ ಬಿಚ್ಚಿಸಿರಲಿಲ್ಲ.

ಇನ್ನೊಂದು. ಜಾಲಿ ಬಾಯ್ ದಡದಲ್ಲಿ ಸತ್ತ ಹವಳದ ಚೂರು ರಾಶಿ ಬಿದ್ದಿರುತ್ತೆ, ಮಕ್ಕಳು ಜೇಬಿಗೆ ಹಾಕ್ಕೋತಾರೆ. ತರೋ ಹಾಗಿಲ್ಲ, ವನ್ಯಜೀವಿ ಕಾಯ್ದೆಗೆ ಬರುತ್ತೆ. ನನ್ನ ಮಗನ ಜೇಬಿನಿಂದ ಒಂದು ತೆಗೆದು ವಾಪಸ್ ಹಾಕಿಸಿದೆ, ಜೆಟ್ಟಿ ಬರುವವರೆಗೂ ಮುಖ ಊದಿಸಿಕೊಂಡು ಕೂತಿದ್ದ.

ಅರಣ್ಯ ಇಲಾಖೆ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ. ಸ್ಟೀಲ್ ಬಾಟಲಿ ಒಯ್ಯಿರಿ, ತಿಂಡಿಗೆ ಸ್ಟೀಲ್ ಡಬ್ಬಿ. ಟವೆಲ್ ಮಾತ್ರ ಎರಡು ಇಟ್ಟುಕೊಳ್ಳಿ.