ಕೀಮೋ ನಡೆದಿರುವಾಗ ಅವ್ವನನ್ನು ಜಾತ್ರೆಗೆ ಕರೆದುಕೊಂಡು ಹೋಗಬಹುದಾ?

ನಿಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್, ಆಪರೇಷನ್ ಆಗಿ ಕೀಮೋ ನಡೆದಿದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾರೆ. ಮನೆಯವರೆಲ್ಲ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ವಿಜಯಪುರದವಳೇ. ಅದೇ ಕಾಯಿಲೆ, ಅದೇ ಕೀಮೋ ನನಗೂ ಆಗಿದೆ. ಅದಕ್ಕೇ ಅವ್ವನ ಕಡೆ ನಿಂತು ಹೇಳುತ್ತೇನೆ.

ನನ್ನ ಎರಡನೇ ಕೀಮೋ ಆದ ಮೇಲೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗದೆ ಇರುವುದುಂಟಾ? ಮಗ, ಸೊಸೆ ನನ್ನನ್ನು ಕೇಳದೆಯೇ ಈ ವರ್ಷ ಬೇಡ ಅಂತ ತೀರ್ಮಾನ ಮಾಡಿದ್ದರು. ಪ್ರೀತಿಯಿಂದಲೇ ಮಾಡಿದ್ದು, ಗೊತ್ತು. ಆದರೆ ಅಷ್ಟೊತ್ತಿಗೆ ನೆರೆಯವರು ಬರುವುದು, ಅಡುಗೆ ಮನೆಗೆ ಹೋಗುವುದು ಎಲ್ಲ ನಿಂತಿತ್ತು. ಮಾತ್ರೆ ನುಂಗುವುದು ಬಿಟ್ಟರೆ ನನಗೆ ಕೆಲಸವೇ ಇರಲಿಲ್ಲ. ಅವತ್ತು ಅತ್ತುಬಿಟ್ಟೆ.

ಡಾಕ್ಟರನ್ನೇ ಕೇಳಿದೆ. ಅವರು ಕ್ಯಾಲೆಂಡರ್ ತೆಗೆದು ಎಣಿಸಿದರು. ನನ್ನ ಕೀಮೋ 21 ದಿನಕ್ಕೊಮ್ಮೆ. ಕೊಟ್ಟ ಮೇಲೆ ಸುಮಾರು 7ರಿಂದ 14ನೇ ದಿನದವರೆಗೆ ರಕ್ತದಲ್ಲಿ ಬಿಳಿ ಕಣ ಬಹಳ ಇಳಿಯುತ್ತವೆ, ಆಗ ಸೋಂಕಿನ ಭಯ ಜಾಸ್ತಿ. ಮೂರನೇ ವಾರಕ್ಕೆ ಮತ್ತೆ ಏರುತ್ತವೆ. ಅಮಾವಾಸ್ಯೆ ನನಗೆ 18ನೇ ದಿನ ಬಿದ್ದಿತ್ತು. "ಹಿಂದಿನ ದಿನ ರಕ್ತ ತೋರಿಸಿ, ಸರಿ ಇದ್ದರೆ ಹೋಗಿ ಬನ್ನಿ" ಅಂದರು. ಇಷ್ಟು ಸಣ್ಣ ಲೆಕ್ಕ ನಮಗೆ ಯಾರಿಗೂ ಹೊಳೆದಿರಲಿಲ್ಲ.

ತಲೆಗೆ ಸೆರಗು ಸುತ್ತಿಕೊಂಡು ಹೋದೆ. ಬಿಳಿಜೋಳ ಆಳೆತ್ತರ ನಿಂತಿತ್ತು. ಸಜ್ಜಿ ಕಡುಬು, ಭಜ್ಜಿ ಪಲ್ಯ ಬಿಸಿ ಇದ್ದಾಗಲೇ ಉಂಡೆ. ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲದ ಪಚಡಿ ಮಾತ್ರ ಮುಟ್ಟಲಿಲ್ಲ, ಬೇಯಿಸದ ಹಸಿ ಪದಾರ್ಥ ಬೇಡ ಅಂತ ಡಾಕ್ಟರ್ ಅಂದಿದ್ದರು. ಬಾಯಿ ಕಬ್ಬಿಣ ನೆಕ್ಕಿದ ಹಾಗಿತ್ತು, ರುಚಿ ಅರ್ಧವೂ ಹತ್ತಲಿಲ್ಲ. ಆದರೂ ಹೊಲದ ತುಂಬ ಚರಗ, ಅಂದರೆ ನೈವೇದ್ಯ, ಚೆಲ್ಲುವಾಗ ಮೊಮ್ಮಗನ ಜೊತೆ ನಾನೂ ಕೂಗಿದೆ. ತಿಂಗಳಾಗಿತ್ತು ನನ್ನ ದನಿ ಅಷ್ಟು ದೊಡ್ಡದಾಗಿ ಕೇಳಿ. ಮುಂದಿನ ಕೀಮೋಗೆ ನಾನೇ ಮೊದಲು ಎದ್ದು ರೆಡಿಯಾದೆ.

ಆದರೆ ಒಂದು ತಪ್ಪೂ ಮಾಡಿದ್ದೇನೆ. ತಂಗಿಯ ಮಗಳ ಮದುವೆ ಅಂತ ಮುಂದೊಂದು ಕೀಮೋವನ್ನು ಯಾರಿಗೂ ಹೇಳದೆ ಎಂಟು ದಿನ ಮುಂದೂಡಿದೆ. ಡಾಕ್ಟರ್ ಚೆನ್ನಾಗಿ ಬೈದರು. ಮೊದಲೇ ಹೇಳಿದ್ದರೆ ಒಂದೆರಡು ದಿನ ಆಚೀಚೆ ತಾವೇ ಹೊಂದಿಸುತ್ತಿದ್ದರಂತೆ. ಊರಿನ ಹಿರಿಯರೊಬ್ಬರು ಕೀಮೋ ಬಿಟ್ಟು ಬೇರಿನ ಔಷಧಿ ತಗೋ ಅಂತಲೂ ಹೇಳಿದ್ದರು. ನಿಮ್ಮ ಮನೆಗೂ ಅಂಥವರು ಬರುತ್ತಾರೆ. ಅವರ ಮಾತು ಕೇಳಬೇಡಿ.

ಇನ್ನೊಂದು. ನೋವು, ವಾಂತಿ, ನಿದ್ದೆ ಬಾರದ್ದು, ಇದನ್ನೆಲ್ಲ ಕೀಮೋ ಅಂದ ಮೇಲೆ ಇದ್ದದ್ದೇ ಅಂತ ಅವ್ವ ಹಲ್ಲು ಕಚ್ಚಿಕೊಂಡು ಇದ್ದರೆ ಬಿಡಬೇಡಿ, ಡಾಕ್ಟರಿಗೆ ಹೇಳಿಸಿ. ಇದಕ್ಕೇ ಪ್ಯಾಲಿಯೇಟಿವ್ ಕೇರ್ ಅಂತ ಇದೆ. ಅದು ಕೊನೆಗಾಲಕ್ಕೆ ಮಾತ್ರ ಅಂತ ನಮ್ಮ ಜನ ಹೆದರುತ್ತಾರೆ, ಅದು ಸುಳ್ಳು. ಬಾಸ್ಟನ್‌ನ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೇ ಈ ಆರೈಕೆ ಮೊದಲಿನಿಂದ ಸಿಕ್ಕವರು ಜಾಸ್ತಿ ನೆಮ್ಮದಿಯಾಗಿದ್ದರು. ಉಳಿದವರಿಗಿಂತ ಎರಡು ತಿಂಗಳಿಗೂ ಹೆಚ್ಚು ಬದುಕಿದರು ಕೂಡ.

ಈಗ ನಿಮ್ಮ ಜಾತ್ರೆ ವಿಷಯ. ಕೀಮೋ ತಾರೀಕಿನಿಂದ ಸಂಕ್ರಾಂತಿವರೆಗೆ ದಿನ ಎಣಿಸಿ, ಡಾಕ್ಟರನ್ನು ಕೇಳಿ. ಬಿಳಿ ಕಣ ಇಳಿದ ವಾರವಾದರೆ ಆ ಗದ್ದಲದಲ್ಲಿ ಹೋಗುವುದು ಬೇಡವೇ ಬೇಡ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿ ಆದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಒಂದು ಮಾತು ಅವ್ವನನ್ನೂ ಕೇಳಿ: ಜಾತ್ರೆಯಲ್ಲಿ ಏನು ನೋಡುವ ಆಸೆ ಅಂತ. ಮದ್ದು ಸುಡುವುದಾ? ಪರಿಚಯದವರ ಮಾಳಿಗೆ ಮೇಲೆ ಕುರ್ಚಿ ಹಾಕಿ ದೂರದಿಂದ ತೋರಿಸಬಹುದು. ಬಳೆ ಅಂಗಡಿಯಾ? ದಿನ ಸರಿ ಇದ್ದರೆ, ಜನ ಸೇರುವ ಮೊದಲೇ ಮಾಸ್ಕ್ ಹಾಕಿಸಿ ಕರೆದುಕೊಂಡು ಹೋಗಿ. ಆಪರೇಷನ್ ಆದ ಕಡೆಯ ಕೈಗೆ ಬಿಗಿ ಬಳೆ ಬೇಡ, ಬಾವು ಬರಬಹುದು. ಇನ್ನೊಂದು ಕೈಗೆ ತುಂಬಾ ಇಡಿಸಿ.